ಸೇವಕನ ಜಾಗ

ನಮ್ಮೂರಿನಲ್ಲಿ ಮನೆಗಳು ಸಿಗುವುದು ಕಿವಿಗೆ. ಮಂಜು ಅಷ್ಟು ದಟ್ಟ. ಚಾಚಿದ ಕೈಯ ಬೆರಳುಗಳು ಇವೆಯೋ ಇಲ್ಲವೋ ಎಂದು ಇನ್ನೊಂದು ಕೈಯಿಂದ ಮುಟ್ಟಿ ನೋಡಿಕೊಳ್ಳಬೇಕು. ಮಾರುಕಟ್ಟೆಗೆ, ಶಾಲೆಗೆ, ಗಿರಣಿಗೆ, ನಾನು ಭೌತಶಾಸ್ತ್ರ ಕಲಿಸುವ ಕಾಲೇಜಿಗೆ ಸೊಂಟದೆತ್ತರದಲ್ಲಿ ಹಗ್ಗ ಕಟ್ಟಿದ್ದಾರೆ. ಹಗ್ಗ ಹಿಡಿದು ಹೋಗುತ್ತೇವೆ, ಹಗ್ಗ ಹಿಡಿದು ಬರುತ್ತೇವೆ. ಮನೆಗಳಿಗೆ ಹಗ್ಗವಿಲ್ಲ. ಪ್ರತಿ ಮನೆಯ ನಡುಕೋಣೆಯಲ್ಲಿ ಎರಡು ಕೊಂಬಿನ ಬಿಳಿಯ ರೂಟರ್ ಇರುತ್ತದೆ. ಅದರ ಮೇಲೆ ಅಂಗೈ ಇಟ್ಟು ಹೆಸರನ್ನೂ ಪಾಸ್‌ವರ್ಡನ್ನೂ ಹೇಳಿ ಸೇರಿಕೊಂಡವರಿಗೆ ಆ ಮನೆಯ ಗುಂಯ್‌ಗುಡುವ ನಾದ ಕೇಳುತ್ತದೆ. ಸೇರದವರಿಗೆ ಏನೂ ಕೇಳುವುದಿಲ್ಲ. ಸಂಜೆ ಹಗ್ಗ ಬಿಟ್ಟು ಮಂಜಿನೊಳಗೆ ಕಾಲಿಟ್ಟವರು ತಮ್ಮ ತಮ್ಮ ಮನೆಯ ನಾದದ ಹಿಂದೆ ನಡೆದು ಬಾಗಿಲು ಸೇರುತ್ತಾರೆ. ಒಂದೊಂದು ಮನೆಗೆ ಒಂದೊಂದು ನಾದ.

ಯಾವ ಮನೆಯಲ್ಲಿ ಮಲಗುತ್ತೇವೋ ಆ ಮನೆಯ ರೂಟರ್‌ಗೆ ಮಾತ್ರ ಹೆಸರು ಸೇರಿಸುವುದು ನಮ್ಮಲ್ಲಿ ಪದ್ಧತಿ. ನೆಂಟರನ್ನು ಹಗ್ಗದ ಕಂಬದಿಂದ ಕೈಹಿಡಿದು ಕರೆತರುತ್ತೇವೆ, ಕೈಹಿಡಿದೇ ವಾಪಸ್ಸು ಬಿಡುತ್ತೇವೆ. ‘ನಿಮ್ಮ ಮನೆ ಎಲ್ಲಿದೆ’ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಕೇಳಿದರೂ ಹೇಳಲು ಯಾರಿಗೂ ಗೊತ್ತಿರುವುದಿಲ್ಲ.

ಈ ಪದ್ಧತಿ ನನ್ನ ತಂಗಿ ಹೇಮಾವತಿಯನ್ನು ಎರಡು ಸಲ ಮುಟ್ಟಿತು. ಮೊದಲನೆಯ ಸಲ, ಅವಳ ಗಂಡ ಶಂಭುಲಿಂಗ ಅವಳ ಎಡಗೈಯ ಮಣಿಕಟ್ಟು ಮುರಿದಾಗ. ಅವಳು ಕೂಗಿದ್ದಳಂತೆ. ಮಂಜು ಬೆಳಕನ್ನು ತಿನ್ನುವಷ್ಟು ಕೂಗನ್ನು ತಿನ್ನುವುದಿಲ್ಲ, ಯಾರಾದರೂ ಕೇಳಿಸಿಕೊಂಡಿರಬೇಕು. ಆದರೆ ಕೂಗು ಯಾವ ಮನೆಯದೆಂದು ತಿಳಿದು ಅಲ್ಲಿಗೆ ನಡೆದು ಬರುವ ದಾರಿ ಯಾರಿಗೂ ಇರಲಿಲ್ಲ, ನನಗೂ ಇರಲಿಲ್ಲ. ಎರಡನೆಯ ಸಲ ಅದೇ ಪದ್ಧತಿ ಅವಳನ್ನು ಕಾಪಾಡಿತು. ಅವನು ಗಿರಣಿಗೆ ಹೋಗಿದ್ದಾಗ ಅವಳು ರೂಟರ್ ಮೇಲೆ ಬಲಗೈ ಇಟ್ಟು ಅವನ ಹೆಸರು ಹೇಳಿ, ‘ಬೇಡ’ ಅಂದಳು. ಆ ಸಂಜೆ ಹಗ್ಗ ಬಿಟ್ಟು ಮಂಜಿಗಿಳಿದ ಶಂಭುಲಿಂಗನಿಗೆ ಮನೆ ಕೇಳಿಸಲಿಲ್ಲ. ಸುತ್ತಿ ಸುತ್ತಿ ಕೊನೆಗೆ ಯಾವುದೋ ಹಗ್ಗ ಎದೆಗೆ ತಾಗಿತು. ಅಲ್ಲಿಂದ ಮನೆಯಿಲ್ಲದವರ ಛತ್ರ ಸೇರಿದ. ಯಾರನ್ನಾದರೂ ಹಿಡಿದು, ‘ಮನೆ ಸಿಕ್ಕಿದ ದಿನ ಮಾತಾಡ್ತೀನಿ ಅಂತ ಅವಳಿಗೆ ಹೇಳಿ’ ಎಂದು ಹೇಳಿ ಕಳಿಸುತ್ತಿದ್ದ. ಹೇಮಿ ಮನೆಯಲ್ಲೇ ಬ್ಲೌಸು ಹೊಲಿಯುತ್ತ ಇದ್ದುಬಿಟ್ಟಳು. ಪ್ರತಿ ಗುರುವಾರ ಹುಣಸೆಮರದ ಬಳಿಯ ಹಗ್ಗದ ಕಂಬಕ್ಕೆ ಬಂದು ನನ್ನನ್ನು ಕೈಹಿಡಿದು ಒಳಗೆ ಕರೆದೊಯ್ಯುತ್ತಿದ್ದಳು. ಹೊಲಿದದ್ದನ್ನು ನಾನು ಅಂಗಡಿಗೆ ಮುಟ್ಟಿಸುತ್ತಿದ್ದೆ. ನನ್ನ ಹೆಸರನ್ನೂ ಸೇರಿಸು ಎಂದು ಒಮ್ಮೆ ಕೇಳಿದ್ದೆ. “ನೀನು ಇಲ್ಲಿ ಮಲಗಲ್ವಲ್ಲಕ್ಕ, ಹೊರಗಿನವರ ಹೆಸರು ಹಾಕಬಾರದು ಅಂತ ಅಮ್ಮ ಹೇಳ್ತಿರಲಿಲ್ವಾ” ಅಂದಳು. ಆದರೆ ಹೊಲಿಯುವಾಗ ಅವಳು ತನ್ನ ಮನೆಯ ನಾದವನ್ನು ತನಗೇ ಗೊತ್ತಿಲ್ಲದೆ ಗಂಟಲಲ್ಲಿ ಗುನುಗುತ್ತಿದ್ದಳು. ತಗ್ಗಿನ ದನಿ, ನಡುನಡುವೆ ದಾರ ಸೂಜಿಯ ಕಣ್ಣಿಗೆ ಸಿಕ್ಕಿಕೊಂಡಂತೆ ಒಂದು ಸಣ್ಣ ತಡೆ. ನಾನು ಎಂದೂ ಕೇಳದ ಆ ಮನೆ ನನಗೆ ಅವಳ ಗಂಟಲಿನಿಂದ ಪರಿಚಯವಾಗಿತ್ತು.

ಇನ್ನು ಮೊಸರಿನ ವಿಷಯ ಹೇಳಬೇಕು. ರೂಟರ್ ಯಾವಾಗಲೂ ಸ್ವಲ್ಪ ಬೆಚ್ಚಗಿರುವುದರಿಂದ ಊರಿನ ಎಲ್ಲರೂ ಅದರ ಮೇಲೆಯೇ ಹಾಲಿಗೆ ಹೆಪ್ಪು ಹಾಕಿಡುತ್ತಾರೆ. ಮಂಜಿನ ತಂಪಿನಲ್ಲಿ ಬೇರೆ ಎಲ್ಲಿಟ್ಟರೂ ಮೊಸರಾಗುವುದಿಲ್ಲ. ಸೇರಿದ ಒಂದೊಂದು ಹೆಸರಿಗೂ ಕಾವು ಕೊಂಚ ಏರುತ್ತದೆ, ಆದ್ದರಿಂದ ದೊಡ್ಡ ಸಂಸಾರದ ಮೊಸರು ಬೇಗ ಹುಳಿಯಾಗುತ್ತದೆ. ಇದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಆ ವರ್ಷ ಕಾಲೇಜಿನ ಪ್ರಯೋಗಾಲಯಕ್ಕೆ ಹೊಸ ರೂಟರ್ ಒಂದು ಬಂತು. ಒಂದು ಹೆಸರನ್ನೂ ಸೇರಿಸಿರಲಿಲ್ಲ. ಹೆಸರಿಗೂ ಕಾವಿಗೂ ಇರುವ ಸಂಬಂಧವನ್ನು ವಿದ್ಯಾರ್ಥಿಗಳಿಗೆ ಅಳೆದು ತೋರಿಸೋಣವೆಂದು ಥರ್ಮಾಮೀಟರ್ ಇಟ್ಟೆ. ಹೆಸರಿಲ್ಲದ ಪೆಟ್ಟಿಗೆ ಕೋಣೆಯಷ್ಟೇ ತಣ್ಣಗಿರಬೇಕು. ಇರಲಿಲ್ಲ. ಸರಿಯಾಗಿ ಒಂದು ಹೆಸರಿನಷ್ಟು ಬೆಚ್ಚಗಿತ್ತು.

ವಿದ್ಯಾರ್ಥಿಗಳಿಗೆ ಇದರಲ್ಲಿ ವಿಶೇಷ ಕಾಣಲಿಲ್ಲ. ಅದು ‘ಮನೆಯ ಕಾವು’, ಪೆಟ್ಟಿಗೆಯ ಸ್ವಂತದ್ದು, ಎಲ್ಲ ಪೆಟ್ಟಿಗೆಗೂ ಇರುತ್ತದೆ ಎಂದರು. ನಾನೂ ಹಾಗೇ ಕೇಳಿಕೊಂಡು ಬೆಳೆದವಳು. ಹುಟ್ಟಿದಾಗಿನಿಂದ ಕೇಳಿದ ವಿವರಣೆಯನ್ನು ವಿವರಣೆಯೇ ಅಲ್ಲವೆಂದು ಗುರುತಿಸಲು ಒಂದು ಅಳತೆ ಬೇಕಾಯಿತು. ಬೇರೊಂದು ಹಳೆಯ ರೂಟರ್ ತರಿಸಿ, ಎಲ್ಲ ಹೆಸರನ್ನೂ ಅಳಿಸಿ ನೋಡಿದೆ. ಅದರಲ್ಲೂ ಅಷ್ಟೇ ಕಾವು ಉಳಿಯಿತು. ಹಾಗಾದರೆ ಅಳಿಸಲು ಬಾರದ ಒಂದು ಹೆಸರು, ತಯಾರಿಸಿದವರೇ ಇಟ್ಟು ಕಳಿಸಿದ ಒಂದು ಖಾತೆ, ಪ್ರತಿ ಪೆಟ್ಟಿಗೆಯೊಳಗೂ ಇದೆ. ಊರಿನ ಪ್ರತಿ ಮನೆಯಲ್ಲೂ ನಾವು ಕರೆಯದ ಒಬ್ಬರು ಇದ್ದಾರೆ, ನಮ್ಮ ಮೊಸರಿಗೆ ಕಾವು ಕೊಡುತ್ತಿದ್ದಾರೆ.

ಆ ಹೆಸರನ್ನು ಹುಡುಕಲು ಶುರುಮಾಡಿದೆ. ಲಕ್ಷ ಪೆಟ್ಟಿಗೆ ಮಾಡುವವನು ಲಕ್ಷ ಪಾಸ್‌ವರ್ಡು ನೆನಪಿಡುವ ಕಷ್ಟ ತೆಗೆದುಕೊಳ್ಳುವುದಿಲ್ಲ, ಬಹುಶಃ ಹೆಸರನ್ನೇ ಪಾಸ್‌ವರ್ಡಾಗಿಯೂ ಇಟ್ಟಿರುತ್ತಾನೆ ಎಂದು ಯೋಚಿಸಿದೆ. ಪಾಠ ಮುಗಿದ ಮೇಲೆ ಪೆಟ್ಟಿಗೆಯ ಮುಂದೆ ಕೂತು ಒಂದೊಂದೇ ಪದವನ್ನು ಎರಡೆರಡು ಸಲ ಹೇಳುತ್ತ ಹೋದೆ. ಯಜಮಾನ. ಒಡೆಯ. ಮಾಲೀಕ. ಅತಿಥಿ. ಪ್ರತಿ ಸಲವೂ ಕೆಂಪು ದೀಪ. ಆಮೇಲೆ, ಇಂಥ ಖಾತೆ ಯಾಕೆ ಬೇಕಾಗಿತ್ತು ಎಂದು ತಿರುಗಿಸಿ ಕೇಳಿಕೊಂಡೆ. ಪೆಟ್ಟಿಗೆ ಕೆಟ್ಟು, ಮನೆಯವರು ಮಂಜಿನಲ್ಲಿ ದಾರಿ ತಪ್ಪಿದರೆ ಆ ಮನೆಯನ್ನು ಹುಡುಕಿಕೊಂಡು ಹೋಗಲು ದುರಸ್ತಿಯವನೊಬ್ಬನಿಗೆ ದಾರಿ ಇರಬೇಕು. ಒಳ್ಳೆಯ ಉದ್ದೇಶವೇ. “ಸೇವಕ, ಸೇವಕ” ಅಂದೆ. ಹಸಿರು ದೀಪ ಹತ್ತಿತು.

ಆಮೇಲೆ ಆದದ್ದನ್ನು ಬರೆಯಲು ನನ್ನ ಶಿಕ್ಷಣ ಸಾಲದು. ಪ್ರಯೋಗಾಲಯದ ಗೋಡೆಯಾಚೆ, ನಾನು ಇಷ್ಟು ವರ್ಷ ಖಾಲಿ ಮಂಜೆಂದುಕೊಂಡಿದ್ದ ಕಡೆಯಿಂದ, ಒಂದು ಮನೆ ಕೇಳಿಸಿತು. ಅದರ ಪಕ್ಕ ಇನ್ನೊಂದು. ಅದರ ಹಿಂದೆ, ತುಸು ಎತ್ತರದಲ್ಲಿ, ಸಾಲಾಗಿ ಹಲವು. ಹೊರಗೆ ಬಂದೆ. ಹಗ್ಗ ಹಿಡಿಯಲು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡು, ಜೀವನದಲ್ಲಿ ಮೊದಲ ಬಾರಿಗೆ ಹಗ್ಗವಿಲ್ಲದೆ ನಡೆದೆ. ಒಂದು ಕೇರಿಯಷ್ಟು ದೂರದವರೆಗೆ ಕೇಳುತ್ತಿತ್ತು. ನಾನು ಮುಂದೆ ಹೋದಂತೆ ಹಿಂದಿನ ಮನೆಗಳು ಮಾಸಿ ಮುಂದಿನವು ಕೂಡಿಕೊಳ್ಳುತ್ತಿದ್ದವು. ನಾದಗಳು ಕೆಳಗಿಳಿದ ಕಡೆ ಇಳಿಜಾರಿತ್ತು. ಎರಡು ಸಾಲು ದೂರ ಸರಿದ ಕಡೆ ನಡುವೆ ಹಳ್ಳವಿತ್ತು. ಊರು ಹಳ್ಳದ ಜೊತೆ ಬಾಗುತ್ತದೆ, ಗುಡ್ಡವನ್ನು ಅರ್ಧ ಸುತ್ತುತ್ತದೆ ಎಂಬುದು ನನಗೆ ಆವತ್ತು ತಿಳಿಯಿತು. ಇಲ್ಲಿ ಹುಟ್ಟಿ ಬೆಳೆದವಳು ನನ್ನ ಊರಿನ ಆಕಾರವನ್ನು ತಲೆ ನರೆಯತೊಡಗಿದ ಮೇಲೆ ಅರಿತೆ. ನನ್ನ ಮನೆಯ ಗೋಡೆಗೆ ಗೋಡೆ ತಾಗಿಸಿಕೊಂಡೇ ಇನ್ನೊಂದು ಮನೆಯಿತ್ತು, ಬೆಕ್ಕಿನ ಮರಿಯ ಎದೆಯಂತೆ ಮೃದುವಾಗಿ ಮಿಡಿಯುತ್ತಿತ್ತು. ಅದಕ್ಕೆ ಕಿವಿಗೊಟ್ಟು ನಿಂತೆ. ಕಣ್ಣೀರು ಬಂತು. ಯಾಕೆಂದು ಹೇಳಲಾರೆ.

ಹಾಗೆ ನಿಂತಿದ್ದಾಗಲೇ ಹೊಳೆಯಿತು. ನನಗೆ ಕೇಳುವುದು ಯಾರಿಗೆ ಬೇಕಾದರೂ ಕೇಳುತ್ತದೆ. ಹುಣಸೆಮರದ ಆಚೆ ಎಲ್ಲೋ ಹೇಮಿಯ ಮನೆಯೂ ಇದೆ. ಅದರ ನಾದವನ್ನು ವರ್ಷಗಟ್ಟಲೆ ಕೇಳಿ ಬಲ್ಲವನೊಬ್ಬ ಛತ್ರದಲ್ಲಿ ಕೂತಿದ್ದಾನೆ. ಹೇಮಿ ಅವನ ಹೆಸರನ್ನು ಅಳಿಸಿದ್ದಳು. ಅಳಿಸಲಾಗದ ಹೆಸರೊಂದು ಇದೆಯೆಂದು ಅವಳಿಗೂ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ಅವಳ ನೆಮ್ಮದಿಯೆಲ್ಲ ನಿಂತಿದ್ದದ್ದು ಅವನಿಗೆ ಗೊತ್ತಿಲ್ಲ ಎಂಬುದರ ಮೇಲೆ.

ಮರುದಿನ ಪುರಸಭೆಯ ಅಧ್ಯಕ್ಷ ಅನಂತಶಯನರನ್ನು ಕಂಡೆ. ರೂಟರ್ ಮಾಡಿದವರು ಊರಿಗೆ ಬಂದು ಹೋಗುವುದನ್ನು ಬಿಟ್ಟು ಬಹಳ ಕಾಲವಾಗಿತ್ತು, ಹೇಳಬಹುದಾದವರು ಅವರೊಬ್ಬರೇ. ಎಲ್ಲವನ್ನೂ ವಿವರಿಸಿದೆ. ಈ ಪದ ಯಾರ ಕಿವಿಗೂ ಬೀಳಬಾರದು, ಮೊದಲು ದಾರಿ ಯೋಚಿಸೋಣ ಅಂದೆ. ಅವರು ಗಂಭೀರವಾಗಿ ತಲೆಯಾಡಿಸಿದರು. ಅದನ್ನು ಒಪ್ಪಿಗೆ ಎಂದುಕೊಂಡು ಬಂದೆ.

ಆದರೆ ನಮ್ಮೂರಿನ ಡಂಗುರಕ್ಕೆ ಅದರದೇ ನಿಯಮವಿದೆ. ಮಂಜಿನ ಊರಿನಲ್ಲಿ ಅರ್ಧ ಎಚ್ಚರಿಕೆ ಜೀವ ತೆಗೆಯುತ್ತದೆ. ಹಗ್ಗ ತುಂಡಾಗಿದೆ ಎಂದರೆ ಸಾಲದು, ಯಾವ ಕಂಬದ ಹತ್ತಿರ, ಎಷ್ಟು ಉದ್ದ ಎಂದೆಲ್ಲ ಹೇಳಬೇಕು. ಅಪಾಯ ಯಾವುದಿದ್ದರೂ ಅದರ ಹೆಸರು, ಜಾಗ, ಗುರುತು ಬಿಡದೆ ಎಲ್ಲ ಹಗ್ಗಗಳ ಉದ್ದಕ್ಕೂ ಸಾರಬೇಕು. ಅಧ್ಯಕ್ಷರನ್ನು ಕಂಡ ಮರುದಿನ ಬೆಳಿಗ್ಗೆ ನಾನು ಮಾರುಕಟ್ಟೆಯ ಹಗ್ಗದ ಮೇಲಿದ್ದೆ. ಡಂಗುರದ ಮುನಿವೆಂಕಟನ ತಮಟೆ ಕೇಳಿತು, ಹಿಂದೆಯೇ ಅವನ ದನಿ. “ಊರಿನ ಸಮಸ್ತರಿಗೂ ತಿಳಿಯಪಡಿಸೋದೇನಂದ್ರೆ, ಯಾರೂ ‘ಸೇವಕ’ ಅನ್ನೋ ಹೆಸರನ್ನ ‘ಸೇವಕ’ ಅನ್ನೋ ಪಾಸ್‌ವರ್ಡಿನ ಜೊತೆ ಹೇಳತಕ್ಕದ್ದಲ್ಲ. ಹೇಳಿದಲ್ಲಿ ಪರರ ಮನೆಗಳು ಕೇಳಿಸ್ತವೆ. ಕೇಳಿಸಿಕೊಂಡವರಿಗೆ ದಂಡ ಹಾಕಲಾಗುವುದು.”

ಅವನ ದನಿ ಹಗ್ಗದುದ್ದಕ್ಕೂ ಮುಂದೆ ಸಾಗಿತು. ಆಮೇಲೆ ನನ್ನ ಮುಂದೆ, ಹಿಂದೆ, ಮಂಜಿನೊಳಗೆ ಎಲ್ಲೆಲ್ಲೂ ಪಿಸುದನಿಗಳು ಎದ್ದವು. ಸೇವಕ, ಸೇವಕ. ನಾನೂ ಹೇಳಿದೆ. ಎರಡು ದಿನದ ಹಿಂದೆ ಅಲ್ಲಿ ತುಂಬಿ ಹರಿದಿದ್ದ ನಾದಗಳಲ್ಲಿ ಅಲ್ಲೊಂದು ಇಲ್ಲೊಂದು ಮಾತ್ರ ನನಗೆ ಸಿಕ್ಕವು. ಪಕ್ಕದ ಹೆಂಗಸು ಆಗ ತಾನೇ ಹೇಳಿ, ‘ಅಯ್ಯೋ ಶಿವನೇ’ ಎಂದಳು, ಉಳಿದಿದ್ದವುಗಳಲ್ಲಿ ಇನ್ನೆರಡು ಆರಿಹೋದವು. ಅರ್ಥವಾಯಿತು. ಒಂದು ಮನೆಗೆ ಸೇವಕನ ಜಾಗ ಒಂದೇ. ಒಬ್ಬರು ಕೂತರೆ ಇನ್ನೊಬ್ಬರಿಗೆ ಆ ಮನೆ ಇಲ್ಲ. ಹೀಗೆ ದೂರದಿಂದ ಹೇಳಿದವರು ದೂರ ಸರಿದರೆ, ಇಲ್ಲವೇ ಇನ್ನೂ ಹತ್ತಿರದಿಂದ ಬೇರೊಬ್ಬರು ಹೇಳಿದರೆ, ಜಾಗ ಕೈತಪ್ಪುತ್ತದೆ. ಆದರೆ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ಹೇಳಿದವರನ್ನು ಪೆಟ್ಟಿಗೆ ಬಿಡುವುದಿಲ್ಲ, ಅವರು ಊರಿನ ಯಾವ ತುದಿಗೆ ಹೋದರೂ. ಮನೆಯವರೆಲ್ಲ ಸೇರುವುದು ಹಾಗೆಯೇ. ಶಂಭುಲಿಂಗ ಹೇಮಿಯ ಗೋಡೆಯ ಬಳಿ ಬರುವ ಮೊದಲು ನನ್ನ ಅಂಗೈ ಅವಳ ಪೆಟ್ಟಿಗೆಯ ಮೇಲಿರಬೇಕಿತ್ತು.

ಹುಣಸೆಮರದ ಕಂಬಕ್ಕೆ ಓಡಿದೆ. ಹಗ್ಗ ಅಂಗೈ ಸುಟ್ಟಿತು. ಆ ಕಂಬ ಅವನಿಗೂ ಗೊತ್ತು, ಸಂಸಾರ ಮಾಡುತ್ತಿದ್ದಾಗ ಅವನು ದಿನವೂ ಹಗ್ಗ ಬಿಡುತ್ತಿದ್ದದ್ದು ಅಲ್ಲೇ. ಅಲ್ಲಿ ಬೀಡಿಯ ವಾಸನೆಯಿತ್ತು. ಅವನದೋ ಬೇರೆಯವರದೋ ತಿಳಿಯಲಿಲ್ಲ. ಹಗ್ಗ ಬಿಟ್ಟು ಮಂಜಿಗಿಳಿದು ಪದ ಹೇಳಿದೆ. ಇಲ್ಲಿಗೆ ಇನ್ನೂ ಹೆಚ್ಚು ಜನ ಬಂದಿರಲಿಲ್ಲ. ಮನೆಗಳು ಎದ್ದು ಕೇಳಿದವು, ಎಡಕ್ಕೆ, ಬಲಕ್ಕೆ, ಮೆಟ್ಟಿಲು ಮೆಟ್ಟಿಲಾಗಿ ಗುಡ್ಡದ ಮೇಲಕ್ಕೆ. ಅವುಗಳ ನಡುವೆ ನಡೆಯುತ್ತ ಹೇಮಿ ಗುನುಗುತ್ತಿದ್ದುದನ್ನು ನಾನೂ ಗುನುಗಿಕೊಂಡೆ. ಒಂದು ದನಿ ತುಂಬ ತೆಳುವು. ಇನ್ನೊಂದು ತಗ್ಗಿನದು, ಆದರೆ ತಡೆಯಿಲ್ಲದೆ ಒಂದೇ ಸಮ. ಎಡಗಡೆಯ ಮೂರ್ನಾಲ್ಕು ಮನೆ ಒಮ್ಮೆಲೇ ಆರಿದವು. ಆ ಕಡೆ ಯಾರೋ ಇದ್ದರು, ನಡೆಯುತ್ತಿದ್ದರು, ಅವರ ಜೊತೆ ಆ ಮೌನವೂ ನಡೆಯುತ್ತಿತ್ತು. ನಾನು ಬಲಕ್ಕೆ ಏರಿದೆ. ಆಗ ಕೇಳಿತು. ತಗ್ಗಿನ ದನಿ, ಸಣ್ಣ ತಡೆ, ಮತ್ತೆ ದನಿ. ಹೇಮಿಯ ಗಂಟಲಿನಲ್ಲಿ ಅದು ಒಂದು ಎಳೆಯಾಗಿತ್ತು. ಇಲ್ಲಿ ಇಡೀ ಬಟ್ಟೆಯಾಗಿ ಹರಡಿಕೊಂಡಿತ್ತು. ಇಷ್ಟು ಚೆನ್ನಾಗಿರುವ ಮನೆಯಲ್ಲಿ ಅವಳ ಕೈ ಮುರಿದಿತ್ತೆಂದು ನಂಬುವುದು ಕಷ್ಟವಾಯಿತು.

ಬಾಗಿಲು ಬಡಿಯದೆ ಕಿವಿಯಿಟ್ಟು, “ಹೇಮಿ, ನಾನು” ಅಂದೆ. ಒಳಗೆ ಹೊಲಿಗೆ ಯಂತ್ರ ನಿಂತಿತು.

“ಅಕ್ಕ? ನೀನು ಹೇಗೆ ಬಂದೆ?”

“ಬಾಗಿಲು ತೆಗಿ.”

ಒಳಗೆ ಹೋಗಿ, ಪೆಟ್ಟಿಗೆಯ ಮೇಲಿದ್ದ ಮೊಸರಿನ ಪಾತ್ರೆಯನ್ನು ಎತ್ತಿ ಅವಳ ಕೈಗೆ ಕೊಟ್ಟು, ಅಂಗೈ ಇಟ್ಟು ಪದ ಹೇಳಿದೆ. ಹಸಿರು ದೀಪ ಹತ್ತಿತು, ಕೈಯಡಿಯಲ್ಲಿ ಕಾವು ತುಸು ಏರಿತು. ಹೊರಗಿನ ಮನೆಗಳೆಲ್ಲ ಕಿವಿಯಿಂದ ಬಿದ್ದುಹೋದವು, ನನ್ನ ಮನೆಯ ಜೊತೆ ಇದೊಂದು ಉಳಿಯಿತು. ಅವಳಿಗೆ ಪಿಸುಮಾತಿನಲ್ಲಿ ಎಲ್ಲ ಹೇಳಿ ಮುಗಿಸುವ ಮುಂಚೆಯೇ ಹೆಜ್ಜೆ ಸದ್ದು ಬಂತು.

ಅವನು ಅವಸರ ಮಾಡುತ್ತಿರಲಿಲ್ಲ. ನಾಲ್ಕು ಹೆಜ್ಜೆ, ಒಂದು ನಿಲುಗಡೆ. ನಿಂತಾಗ ಪದ ಹೇಳುತ್ತಿದ್ದ, ತರಕಾರಿ ಮಾರುವವರಷ್ಟು ಸಹಜವಾಗಿ. ಆಮೇಲೆ ಗುನುಗುತ್ತಿದ್ದ. ಹೇಮಿಯ ಮುಖ ಬಿಳಿಚಿಕೊಂಡದ್ದು ಅದಕ್ಕೆ. ಅವನ ಗಂಟಲಿನಿಂದ ಬರುತ್ತಿದ್ದದ್ದು ಅವಳ ಮನೆಯ ನಾದವೇ. ತಡೆ ಕೂಡ ಸರಿಯಾದ ಜಾಗದಲ್ಲಿ ಬೀಳುತ್ತಿತ್ತು. ಅವನು ಅದನ್ನು ಒಂಚೂರೂ ಮರೆತಿರಲಿಲ್ಲ. ಗೋಡೆಯಾಚೆ, ನಾವು ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ ನಿಂತು ಹೇಳಿದ. “ಸೇವಕ. ಸೇವಕ.” ಕೇಳಿಸಿಕೊಂಡ. ಅವನ ಸುತ್ತಲಿನ ಮನೆಗಳೆಲ್ಲ ಅವನಿಗೆ ಕೇಳುತ್ತಿದ್ದವು, ಇದೊಂದನ್ನು ಬಿಟ್ಟು. ಹೇಮಿ ಮೊಸರಿನ ಪಾತ್ರೆಯನ್ನು ಎದೆಗೊತ್ತಿಕೊಂಡಿದ್ದಳು. ನನ್ನ ಕೈ ಪೆಟ್ಟಿಗೆಯ ಮೇಲೇ ಇತ್ತು. ತೆಗೆದರೂ ಏನೂ ಆಗದೆಂದು ಗೊತ್ತಿತ್ತು, ತೆಗೆಯಲಾಗಲಿಲ್ಲ.

“ಇಲ್ಲೇ ಎಲ್ಲೋ ಇರ್ಬೇಕು” ಅಂದ, ತನಗೆ ತಾನೇ. ಗೋಡೆಗೆ ಅವನ ತೋಳು ಸವರಿಕೊಂಡು ಹೋದ ಸದ್ದು. ನಂತರ ಬಾಗಿಲು ಬಡಿದ ಸದ್ದು, ನಮ್ಮದಲ್ಲ, ಪಕ್ಕದ್ದು. ಒಳಗಿನಿಂದ ವಯಸ್ಸಾದ ಹೆಂಗಸಿನ ದನಿ ಬಂತು. “ಯಾರ್ರೀ ಅದು? ನಮ್ಮನೇಲಿ ಸೇವಕನೂ ಇಲ್ಲ, ಸರದಾರನೂ ಇಲ್ಲ. ಒನಕೆ ತರ್ಲಾ, ಹೋಗ್ತೀರಾ?” ಅವನು ಏನೋ ಗೊಣಗಿದ. ಹೆಜ್ಜೆಗಳು ಕೆಳಕ್ಕಿಳಿದವು, ನಾಲ್ಕು ಹೆಜ್ಜೆ, ನಿಲುಗಡೆ, ಪದ. ಸದ್ದು ಕ್ಷೀಣವಾಗಿ ಕೊನೆಗೆ ಮಂಜು ಮಾತ್ರ ಉಳಿಯಿತು.

ಹೇಮಿ ಪಾತ್ರೆಯನ್ನು ಕೆಳಗಿಟ್ಟಳು. ಆಮೇಲೆ ಅವಳು ಕೇಳಿದ್ದು ಅವನ ಬಗ್ಗೆ ಅಲ್ಲ. “ಅಕ್ಕ, ಪಕ್ಕದಲ್ಲಿ ಮನೆ ಇದೆಯಾ?”

ಅನಂತಶಯನರಿಗೆ ಆ ಮಧ್ಯಾಹ್ನ ನಾನು ಮೆತ್ತಗೆ ಮಾತಾಡಲಿಲ್ಲ. ಅವರು ಬೈಗುಳವನ್ನೆಲ್ಲ ಕೇಳಿಕೊಂಡು, ನಿಜವಾಗಿಯೂ ಅರ್ಥವಾಗದವರಂತೆ ಹೇಳಿದರು. “ಯಾವ ಹೆಸರು ಹೇಳಬಾರದು ಅಂತ ಹೇಳ್ಬೇಕಾದ್ರೆ ಆ ಹೆಸರನ್ನ ಹೇಳ್ಲೇಬೇಕಲ್ವಾ ಮೇಡಂ?” ನಂತರ, ದನಿ ತಗ್ಗಿಸಿ, “ಈಗ ಅದನ್ನ ತೆಗೆಯೋಕಾಗಲ್ವಾ?”

“ತೆಗೆಯೋಕಾಗಲ್ಲ. ತುಂಬೋಕಾಗುತ್ತೆ.”

ಸಂಜೆಯೊಳಗೆ ಮುನಿವೆಂಕಟ ಮತ್ತೆ ತಮಟೆ ಬಾರಿಸಿದ. ಪ್ರತಿ ಮನೆಯವರೂ ತಾವು ನಂಬುವ ಹೊರಗಿನವರೊಬ್ಬರನ್ನು ಕೈಹಿಡಿದು ಕರೆತಂದು, ಪೆಟ್ಟಿಗೆಯ ಮೇಲೆ ಅಂಗೈ ಇಡಿಸಿ, ಸೇವಕನ ಜಾಗದಲ್ಲಿ ಕೂರಿಸತಕ್ಕದ್ದು. ಸುಲಭದ ಮಾತಾಗಿರಲಿಲ್ಲ. ಹೊರಗಿನವರಿಗೆ ಮನೆ ಕೇಳಿಸುವಂತೆ ಮಾಡುವುದು ನಮ್ಮಲ್ಲಿ ಬಾಗಿಲನ್ನೇ ಕಿತ್ತು ಕೊಟ್ಟಂತೆ. ಎರಡು ವಾರ ಊರಿನ ಹಗ್ಗಗಳ ಮೇಲೆ ಇದೇ ಜಗಳ, ಇದೇ ನಗೆ. ಗಂಡನ ಕಡೆಯವರೋ ಹೆಂಡತಿಯ ಕಡೆಯವರೋ? ಸಾಲ ಕೊಟ್ಟವನನ್ನು ಕೂರಿಸಬಹುದೇ? ಯಾರನ್ನೂ ನಂಬದ ಒಬ್ಬ ವಕೀಲರು ಕೊನೆಗೆ ತಮ್ಮ ಎದುರು ಪಕ್ಷದ ವಕೀಲರನ್ನು ಕೂರಿಸಿದರಂತೆ, ಅವರೊಬ್ಬರ ನಡತೆ ಮಾತ್ರ ತಮಗೆ ಪೂರ್ತಿ ಗೊತ್ತು ಎಂದು. ಜಾಗ ತುಂಬಿದ ಮನೆಗಳ ಪೆಟ್ಟಿಗೆ ಸ್ವಲ್ಪ ಹೆಚ್ಚು ಬೆಚ್ಚಗಾಗಿ ಮೊಸರು ಬೇಗ ಹುಳಿಯಾಗತೊಡಗಿತು. ಮೊಸರು ಇನ್ನೂ ಸಿಹಿಯಿರುವ ಮನೆಯೆಂದರೆ ಕಾವಲಿಲ್ಲದ ಮನೆ ಎಂದು ಹೆಂಗಸರು ಪರಸ್ಪರ ಎಚ್ಚರಿಸಿದರು.

ನಾನು ನಿರೀಕ್ಷಿಸಿರದ ಒಂದು ಸಂಗತಿಯೂ ಆಯಿತು. ಮಳೆಬಿಲ್ಲಿನಂತೆ ಬಾಗಿದ ಈ ಊರಿನಲ್ಲಿ ಈಗ ಪ್ರತಿ ಮನೆಗೂ ಹೊರಗೆ ಒಂದು ಕಿವಿಯಿದೆ. ಯಾವುದಾದರೂ ಮನೆಯಿಂದ ಕೂಗು ಕೇಳಿದರೆ, ಅಲ್ಲಿಗೆ ನಡೆದು ಹೋಗಬಲ್ಲವರು ಒಬ್ಬರಿದ್ದಾರೆ. ತಯಾರಿಸಿದವರು ಮರೆತುಹೋದ ಆ ತೂತಿನಲ್ಲಿ ಊರಿನವರು ಒಬ್ಬರಿಗಾಗಿ ಒಬ್ಬರು ಕೂತುಕೊಂಡರು. ಅವತ್ತು ಒನಕೆ ತರುತ್ತೇನೆಂದಿದ್ದ ಪಕ್ಕದ ಮನೆಯ ಜೈಬುನ್ ಬೀ ಅವರ ಪೆಟ್ಟಿಗೆಯಲ್ಲಿ ಹೇಮಿ ಕೂತಿದ್ದಾಳೆ. ಶಂಭುಲಿಂಗ ಇನ್ನೂ ಕೆಲವು ದಿನ ಪದ ಹೇಳುತ್ತ ಅಲೆದನೆಂದು ಕೇಳಿದೆ. ದಿನದಿನಕ್ಕೂ ಅವನಿಗೆ ಕೇಳುವ ಮನೆಗಳು ಕಡಿಮೆಯಾದವು. ಒಂದು ದಿನ ಒಂದೂ ಕೇಳಲಿಲ್ಲ. ಹಗ್ಗ ಸಿಗುವವರೆಗೆ ಮಂಜಿನಲ್ಲಿ ಕೂಗುತ್ತಿದ್ದನಂತೆ.

ನಾನು ಥರ್ಮಾಮೀಟರ್ ಹಿಡಿದು ಮನೆಮನೆಗೂ ಹೋಗುತ್ತಿದ್ದೇನೆ. ಸೇವಕನದೂ ಸೇರಿ ಎಲ್ಲ ಹೆಸರಿನ ಕಾವನ್ನೂ ಕಳೆದ ಮೇಲೆ ಉಳಿಯುವುದೇನಾದರೂ ಇದೆಯೇ ಎಂದು ನೋಡುತ್ತೇನೆ. ಈವರೆಗೆ ಇಲ್ಲ. ಆದರೆ ಒಮ್ಮೆ ಹಾಗೆ ನಂಬಿ ಬದುಕಿದ್ದವರು ನಾವು, ಅಳೆಯುವುದನ್ನು ನಿಲ್ಲಿಸುವಂತಿಲ್ಲ. ಸಂಜೆ ಕಾಲೇಜಿನಿಂದ ಬರುವಾಗ ನನಗೆ ಎರಡು ಮನೆ ಕೇಳುತ್ತವೆ. ಹಗ್ಗದ ಮೇಲೆ ಒಂದು ಕಡೆ ಎರಡೂ ಸಮಸಮವಾಗಿ ಕೇಳುತ್ತವೆ. ಅಲ್ಲಿ ಸುಮ್ಮನೆ ನಿಲ್ಲುತ್ತೇನೆ. ಅಲ್ಲಿ ನಿಂತಾಗ ಆ ಮೊದಲ ದಿನದ ಊರು, ಬಾಗಿದ, ಮಿಡಿಯುವ, ಕೊನೆಯಿಲ್ಲದ ಊರು, ಮತ್ತೆ ನನ್ನ ಸುತ್ತ ಇರುತ್ತದೆ, ಕೇಳದಿದ್ದರೂ.

ಹೋದ ಗುರುವಾರ ಹೇಮಿಯ ಮನೆಗೆ ನಾನೇ ನಡೆದು ಹೋದೆ. ಅನ್ನಕ್ಕೆ ಮೊಸರು ಬಡಿಸುತ್ತ ಅವಳು ಮುಖ ಸಿಂಡರಿಸಿದಳು. “ನೀನು ಕೂತಾಗಿನಿಂದ ನಮ್ಮನೇಲಿ ಒಂದು ದಿನಾನೂ ಸಿಹಿ ಮೊಸರು ತಿಂದಿಲ್ಲ ಕಣಕ್ಕ. ಹಲ್ಲೆಲ್ಲ ಜುಮ್ ಅನ್ನುತ್ತೆ.”

“ಹಾಗಾದ್ರೆ ಏಳಲಾ?” ಅಂದೆ.

ಅವಳು ನನ್ನ ತಟ್ಟೆಗೆ ಇನ್ನೊಂದು ಸೌಟು ಮೊಸರು ಹಾಕಿದಳು.

“ಕೂತಿರು.”